ಪ್ರೋಟೀನಿನ ಒಗಟು ಬಿಡಿಸಿಯೂ ಪಾರ್ಕಿನ್ಸನ್‌ಗೆ ಮದ್ದು ಸಿಗದಿರುವುದೇಕೆ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. 2024ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಕೃತಕ ನರಜಾಲಗಳ ಕೆಲಸಕ್ಕೂ, ರಸಾಯನವಿಜ್ಞಾನದ ಪ್ರಶಸ್ತಿಯನ್ನು ಕಂಪ್ಯೂಟರಿನ ನೆರವಿನಿಂದ ಪ್ರೋಟೀನುಗಳ ಆಕಾರ ಹೇಳಿದ್ದಕ್ಕೂ ಹೊಸ ಪ್ರೋಟೀನುಗಳನ್ನು ರೂಪಿಸಿದ್ದಕ್ಕೂ ಕೊಟ್ಟರು. ಇದರಲ್ಲಿ ಭೌತವಿಜ್ಞಾನ ಎಲ್ಲಿದೆ? ಐವತ್ತು ವರ್ಷದ ಪ್ರೋಟೀನ್ ಒಗಟು ಬಿಡಿಸಿಯಾಯಿತು ಎಂದೂ ಓದಿದೆ. ಹಾಗಿದ್ದರೆ ಆರು ವರ್ಷಗಳಿಂದ ಪಾರ್ಕಿನ್ಸನ್ ಕಾಯಿಲೆ ಅನುಭವಿಸುತ್ತಿರುವ ನನ್ನ ತಮ್ಮನಂಥವರಿಗೆ ಹೊಸ ಔಷಧ ಇನ್ನೂ ಏಕೆ ಬಂದಿಲ್ಲ?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆಗಳಾದರೂ ಅವುಗಳ ಬೇರು ಒಂದೇ. ಆದ್ದರಿಂದ ಮೊದಲು ನೇರವಾಗಿ ಹೇಳಿಬಿಟ್ಟು ಆಮೇಲೆ ವಿವರಕ್ಕೆ ಇಳಿಯುತ್ತೇನೆ. ಈ ಎರಡೂ ಪ್ರಶಸ್ತಿಗಳ ಬುನಾದಿಯಲ್ಲಿ ಭೌತವಿಜ್ಞಾನವಿದೆ. ಒಗಟು ಬಿಡಿಸಿಯಾಯಿತು ಎಂಬ ಮಾತು ಅರ್ಧ ಸತ್ಯ. ಪ್ರೋಟೀನೊಂದು ಕೊನೆಗೆ ಯಾವ ಆಕಾರ ತಳೆಯುತ್ತದೆ ಎಂಬುದನ್ನು ಈಗ ಬಹುಮಟ್ಟಿಗೆ ಹೇಳಬಹುದು. ಆ ಆಕಾರವನ್ನು ಅದು ಯಾವ ದಾರಿಯಲ್ಲಿ ತಲುಪುತ್ತದೆ, ಕೆಲವೊಮ್ಮೆ ಏಕೆ ದಾರಿ ತಪ್ಪುತ್ತದೆ ಎಂಬುದನ್ನು ಅಷ್ಟೇ ಭರವಸೆಯಿಂದ ಹೇಳಲು ಬರುವುದಿಲ್ಲ. ನಿಮ್ಮ ತಮ್ಮನವರ ಕಾಯಿಲೆ ಇರುವುದು ಈ ಉಳಿದ ಅರ್ಧದಲ್ಲಿ.

ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳ ಸರ. ಮಣಿಗಳಲ್ಲಿ ಇಪ್ಪತ್ತು ಬಗೆ. ಅವನ್ನು ಯಾವ ಕ್ರಮದಲ್ಲಿ ಪೋಣಿಸಬೇಕೆಂಬುದು ನಮ್ಮ ಡಿಎನ್‌ಎಯಲ್ಲಿ ಬರೆದಿರುತ್ತದೆ. ಪೋಣಿಸಿ ಮುಗಿಯುತ್ತಿದ್ದಂತೆ ಸರ ತಾನಾಗಿ ಮಡಚಿಕೊಂಡು ನಿರ್ದಿಷ್ಟ ಗಂಟಿನ ಆಕಾರಕ್ಕೆ ಬರುತ್ತದೆ, ಮತ್ತು ಕೆಲಸ ಮಾಡುವುದು ಆ ಆಕಾರವೇ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಸರಗಳಿವೆ, ಒಟ್ಟು 574 ಮಣಿಗಳು. ಅದರ ಬೀಟಾ ಸರದ ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದು ಕೂತರೆ ಸಾಕು, ಹಿಮೋಗ್ಲೋಬಿನ್ ಕಣಗಳು ಒಂದಕ್ಕೊಂದು ಅಂಟಿ ಉದ್ದನೆಯ ಕಡ್ಡಿಗಳಾಗಿ ಕೆಂಪು ರಕ್ತಕಣವನ್ನು ಕುಡುಗೋಲಿನಂತೆ ಬಗ್ಗಿಸುತ್ತವೆ. ಮೈಸೂರು, ಚಾಮರಾಜನಗರ ಕಡೆಯ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲಿಯೂ ಕಂಡುಬರುವ ಕುಡುಗೋಲು ಕಣ ರೋಗ ಇದೇ. ಒಂದು ಮಣಿಯ ಬದಲಾವಣೆ ಇಡೀ ಬಾಳಿನ ನೋವಾಗುವುದು ಹೀಗೆ. ಆಕಾರ ತಿಳಿಯುವುದು ವೈದ್ಯಕೀಯಕ್ಕೆ ಏಕೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಅಮೆರಿಕದ ಕ್ರಿಶ್ಚಿಯನ್ ಆನ್ಫಿನ್ಸನ್ ರೈಬೊನ್ಯೂಕ್ಲಿಯೇಸ್ ಎಂಬ 124 ಮಣಿಗಳ ಪ್ರೋಟೀನನ್ನು ಯೂರಿಯಾ ದ್ರಾವಣದಲ್ಲಿ ಬಿಚ್ಚಿ, ಮತ್ತೆ ಯೂರಿಯಾ ತೆಗೆದು ನೋಡಿದರು. ಅದು ತಾನಾಗಿಯೇ ಹಳೆಯ ಆಕಾರಕ್ಕೆ ಮರಳಿ ಹಳೆಯ ಕೆಲಸ ಶುರುಮಾಡಿತು. ಅಂದರೆ ಆಕಾರದ ಸೂಚನೆಯೆಲ್ಲ ಮಣಿಗಳ ಕ್ರಮದಲ್ಲಿಯೇ ಅಡಗಿದೆ. 1972ರಲ್ಲಿ ಅವರಿಗೆ ನೊಬೆಲ್ ಬಂತು. ಕ್ರಮ ಗೊತ್ತಿದ್ದರೆ ಆಕಾರ ಲೆಕ್ಕಹಾಕಬಹುದಲ್ಲವೇ ಎಂಬ ಐವತ್ತು ವರ್ಷದ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ.

ಆದರೆ 1969ರಲ್ಲಿಯೇ ಅಮೆರಿಕದ ಅಣುಜೀವವಿಜ್ಞಾನಿ ಸೈರಸ್ ಲೆವಿಂತಾಲ್ ಒಂದು ಲೆಕ್ಕದಿಂದ ಎಲ್ಲರನ್ನೂ ಬೆಚ್ಚಿಬೀಳಿಸಿದ್ದರು. ಅದನ್ನು ತರಗತಿಯ ಲೆಕ್ಕದಂತೆ ಮಾಡಿ ನೋಡೋಣ. ಸರದಲ್ಲಿ ನೂರು ಕೊಂಡಿಗಳಿವೆ, ಪ್ರತಿ ಕೊಂಡಿಯೂ ಮೂರೇ ಬಗೆಯಲ್ಲಿ ತಿರುಗಬಹುದು ಎಂದಿಟ್ಟುಕೊಳ್ಳಿ. ಆಗ ಒಟ್ಟು ಭಂಗಿಗಳು ಮೂರರ ನೂರನೆಯ ಘಾತ, ಅಂದರೆ ಸುಮಾರು 5ರ ಮುಂದೆ 47 ಸೊನ್ನೆ. ಸೆಕೆಂಡಿಗೆ ಹತ್ತು ಲಕ್ಷ ಕೋಟಿ ಭಂಗಿಗಳನ್ನು ಪರೀಕ್ಷಿಸುತ್ತ ಹೋದರೂ ಮುಗಿಯಲು ವಿಶ್ವದ ಈವರೆಗಿನ ವಯಸ್ಸಿನ ಸುಮಾರು ಸಾವಿರ ಕೋಟಿ ಕೋಟಿ ಪಟ್ಟು ಕಾಲ ಬೇಕು. ಹಾಗಿದ್ದೂ ನಮ್ಮ ಜೀವಕೋಶದಲ್ಲಿ ಅನೇಕ ಪ್ರೋಟೀನುಗಳು ಮಿಲಿಸೆಕೆಂಡುಗಳಲ್ಲಿ ಮಡಚಿಕೊಳ್ಳುತ್ತವೆ. ಪ್ರೋಟೀನು ಎಲ್ಲ ಭಂಗಿಗಳನ್ನೂ ಹುಡುಕುವುದಿಲ್ಲ, ಅದಕ್ಕೊಂದು ದಾರಿಯಿದೆ ಎಂಬುದೇ ಲೆವಿಂತಾಲ್ ಹೇಳಬಯಸಿದ್ದು.

ಇಲ್ಲಿ ಒಂದು ಕ್ಷಣ ನಿಂತು ನಮ್ಮವರೊಬ್ಬರನ್ನು ನೆನೆಯಲೇಬೇಕು. ಜಿ.ಎನ್. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮುಂದೆ ಮದರಾಸು ವಿಶ್ವವಿದ್ಯಾಲಯದಲ್ಲಿ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ 1963ರಲ್ಲಿ ಪ್ರಕಟಿಸಿದ ಒಂದು ನಕ್ಷೆ ಇಂದಿಗೂ ಅವರ ಹೆಸರಿನಲ್ಲಿಯೇ ಪ್ರಪಂಚದಾದ್ಯಂತ ಬಳಕೆಯಲ್ಲಿದೆ. ಅದರ ತರ್ಕ ಸರಳ. ಎರಡು ಪರಮಾಣುಗಳು ಒಂದೇ ಜಾಗದಲ್ಲಿ ಕೂರಲಾರವು. ಪ್ರತಿ ಮಣಿಯ ಬಳಿ ಸರ ತಿರುಗಬಲ್ಲ ಎರಡು ಕೋನಗಳನ್ನು ತೆಗೆದುಕೊಂಡು, ಯಾವ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿಯಾಗುತ್ತವೆ ಎಂದು ಲೆಕ್ಕ ಹಾಕಿದರೆ, ಹಾಳೆಯ ಬಹುಭಾಗ ನಿಷಿದ್ಧವಾಗಿ ಕೆಲವೇ ದ್ವೀಪಗಳು ಉಳಿಯುತ್ತವೆ. ಲೆವಿಂತಾಲ್ ಹೇಳಿದ ಅಪಾರ ಕಾಡನ್ನು ಕಡಿದು ಹಸನುಮಾಡುವ ಮೊದಲ ಕೆಲಸ ಅದು. ಇಂದು ಕಂಪ್ಯೂಟರು ಊಹಿಸಿದ ಆಕಾರ ಸರಿಯೇ ಎಂದು ನೋಡುವವರೂ ಅದು ಆ ದ್ವೀಪಗಳೊಳಗೆ ಬಿದ್ದಿದೆಯೇ ಎಂದು ಪರೀಕ್ಷಿಸುತ್ತಾರೆ. 1970ರ ದಶಕದ ಆರಂಭದಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಆಣ್ವಿಕ ಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಇದೇ ರಾಮಚಂದ್ರನ್ 1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ, ಹಲವು ದಿಕ್ಕುಗಳಿಂದ ತೆಗೆದ ಎಕ್ಸ್-ರೇ ಚಿತ್ರಗಳಿಂದ ಒಳಗಿನ ಮೂರು ಆಯಾಮದ ರೂಪವನ್ನು ಮರಳಿ ಕಟ್ಟುವ ಗಣಿತ ವಿಧಾನವೊಂದನ್ನು ಪ್ರಕಟಿಸಿದರು. ಸಿಟಿ ಸ್ಕ್ಯಾನ್ ಕಲಿಯುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇವತ್ತಿಗೂ 'ರಾಮ್-ಲಾಕ್' ಎಂಬ ಹೆಸರಿನಲ್ಲಿ ಅದನ್ನು ಓದುತ್ತಾರೆ. ವೈದ್ಯಕೀಯ, ಭೌತವಿಜ್ಞಾನ ಮತ್ತು ಗಣನೆ ಒಂದೇ ಮೇಜಿನ ಮೇಲೆ ಕೂಡಿದ್ದು ಇತ್ತೀಚಿನ ಬೆಳವಣಿಗೆ ಎಂದು ಯಾರಾದರೂ ಹೇಳಿದಾಗ ನನಗೆ ಮೊದಲು ನೆನಪಾಗುವುದು ಈ ಹೆಸರೇ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ನೀವು ಮಲೆನಾಡಿನವರಾದ್ದರಿಂದ ಬೆಟ್ಟ ಕಣಿವೆಗಳ ಹೋಲಿಕೆ ಸುಲಭವಾಗುತ್ತದೆ. ಪ್ರೋಟೀನಿನ ಪ್ರತಿಯೊಂದು ಭಂಗಿಗೂ ಇಂತಿಷ್ಟು ಶಕ್ತಿ ಇರುತ್ತದೆ. ಆ ಶಕ್ತಿಯನ್ನು ನೆಲದ ಎತ್ತರವೆಂದು ಭಾವಿಸಿದರೆ ಎಲ್ಲ ಭಂಗಿಗಳೂ ಸೇರಿ ಒಂದು ಭೂದೃಶ್ಯವಾಗುತ್ತವೆ. ಬಿದ್ದ ಮಳೆಹನಿ ಇಡೀ ಜಿಲ್ಲೆಯನ್ನು ಸುತ್ತಿ ನೋಡಿ ತಗ್ಗನ್ನು ಹುಡುಕುವುದಿಲ್ಲ. ಇಳಿಜಾರು ತೋರಿದ ಕಡೆ ಹರಿದು ಹೊಳೆಗೆ ಸೇರುತ್ತದೆ. ಪ್ರೋಟೀನೂ ಹಾಗೆಯೇ ಇಳಿಯುತ್ತದೆ. ಆದರೆ ಎಲ್ಲ ನೆಲವೂ ಹೀಗೆ ಒಂದೇ ಹೊಳೆಗೆ ಇಳಿಯುವಂತಿರುವುದಿಲ್ಲ. ಗುಂಡಿಗಳೇ ತುಂಬಿದ ನೆಲದಲ್ಲಿ ನೀರು ಅಲ್ಲಲ್ಲೇ ನಿಂತುಬಿಡುತ್ತದೆ.

ಅಂಥ ಗುಂಡಿಗಳ ನೆಲವನ್ನು ಭೌತವಿಜ್ಞಾನಿಗಳು ಬೇರೆಲ್ಲೋ ಕಂಡಿದ್ದರು. ತಾಮ್ರದಲ್ಲಿ ಸ್ವಲ್ಪವೇ ಮ್ಯಾಂಗನೀಸ್ ಬೆರೆಸಿದಾಗ ಮ್ಯಾಂಗನೀಸ್ ಪರಮಾಣುಗಳು ಸಣ್ಣ ಸಣ್ಣ ಕಾಂತಗಳಂತೆ ವರ್ತಿಸುತ್ತವೆ. ಕೆಲವು ಜೋಡಿಗಳು ಒಂದೇ ದಿಕ್ಕಿಗೆ ನಿಲ್ಲಬಯಸುತ್ತವೆ, ಕೆಲವು ಎದುರು ದಿಕ್ಕಿಗೆ. ತ್ರಿಕೋನದ ಮೂರು ಮೂಲೆಗಳಲ್ಲಿ ಮೂರು ಕಾಂತಗಳನ್ನಿಟ್ಟು ಪ್ರತಿಯೊಂದೂ ಉಳಿದೆರಡಕ್ಕೆ ವಿರುದ್ಧವಾಗಿ ನಿಲ್ಲಲಿ ಎಂದರೆ ಸಾಧ್ಯವೇ ಇಲ್ಲ, ಯಾವುದಾದರೊಂದು ಜೋಡಿ ಅತೃಪ್ತವಾಗಿ ಉಳಿಯುತ್ತದೆ. ಈ ಇಕ್ಕಟ್ಟು ಲೋಹದ ತುಂಬ ಹರಡಿದಾಗ ಒಂದೇ ಒಳ್ಳೆಯ ನೆಲೆಯ ಬದಲು ಲೆಕ್ಕವಿಲ್ಲದಷ್ಟು ಅರೆಬರೆ ನೆಲೆಗಳು ಹುಟ್ಟುತ್ತವೆ. ಇದನ್ನು 'ಸ್ಪಿನ್ ಗ್ಲಾಸ್' ಎನ್ನುತ್ತಾರೆ. 1975ರಲ್ಲಿ ಡೇವಿಡ್ ಶೆರಿಂಗ್ಟನ್ ಮತ್ತು ಸ್ಕಾಟ್ ಕರ್ಕ್‌ಪ್ಯಾಟ್ರಿಕ್ ಇದಕ್ಕೊಂದು ಸರಳ ಗಣಿತ ಮಾದರಿ ಕೊಟ್ಟರು. ಅದು ನೋಡಲು ಸರಳ, ಬಿಡಿಸಲು ಅತಿ ಕಠಿಣ. ಇಟಲಿಯ ಜಾರ್ಜಿಯೊ ಪರಿಸಿ 1979ರಲ್ಲಿ ಅದರ ಉತ್ತರದ ದಾರಿ ತೋರಿದರು, ಮತ್ತು ಆ ಕೆಲಸಕ್ಕೆ 2021ರಲ್ಲಿ ನೊಬೆಲ್ ಪಡೆದರು. ಯಾವ ಉಪಯೋಗಕ್ಕೂ ಬಾರದ ಮಿಶ್ರಲೋಹವೊಂದನ್ನು ಅರ್ಥಮಾಡಿಕೊಳ್ಳಲು ಕಟ್ಟಿದ ಗಣಿತ ಅದು.

1987ರಲ್ಲಿ ಜೋಸೆಫ್ ಬ್ರಿಂಗಲ್ಸನ್ ಮತ್ತು ಪೀಟರ್ ವೋಲಿನ್ಸ್ ಈ ಗಣಿತವನ್ನು ಪ್ರೋಟೀನಿಗೆ ತಂದರು. ಅಮೈನೊ ಆಮ್ಲಗಳನ್ನು ಮನಸ್ಸಿಗೆ ಬಂದಂತೆ ಪೋಣಿಸಿದರೆ ಆ ಸರ ಬಹುತೇಕ ಸ್ಪಿನ್ ಗ್ಲಾಸಿನಂತೆಯೇ ಗುಂಡಿಗಳಲ್ಲಿ ಸಿಕ್ಕಿಬೀಳುತ್ತದೆ. ಆದರೆ ಕೋಟ್ಯಂತರ ವರ್ಷಗಳ ವಿಕಾಸ, ಇಕ್ಕಟ್ಟು ಕಡಿಮೆ ಇರುವ ಸರಗಳನ್ನೇ ಆರಿಸಿ ಉಳಿಸಿಕೊಂಡಿದೆ ಎಂದರು. ಹಾಗೆ ಉಳಿದ ಪ್ರೋಟೀನಿನ ಶಕ್ತಿಯ ನೆಲ ಲಾಳಿಕೆಯಂತಿರುತ್ತದೆ. ಎಲ್ಲಿಂದ ಹೊರಟರೂ ಇಳಿಜಾರು ಒಂದೇ ತಳಕ್ಕೆ ಕರೆದೊಯ್ಯುತ್ತದೆ. ಲೆವಿಂತಾಲ್ ಎತ್ತಿದ ತೊಡಕಿಗೆ ಸಿಕ್ಕ ಅತ್ಯಂತ ಸಮರ್ಪಕವಾದ ಉತ್ತರ ಇದೆಂದು ನನ್ನ ಅಭಿಪ್ರಾಯ. ಇಲ್ಲಿ ಉಳಿದ ಮಾತೆಂದರೆ, ಇಕ್ಕಟ್ಟು ಕಡಿಮೆ ಎಂದರು, ಇಲ್ಲವೇ ಇಲ್ಲ ಎನ್ನಲಿಲ್ಲ. ಪಾರ್ಕಿನ್ಸನ್ ವಿಷಯಕ್ಕೆ ಬಂದಾಗ ಈ ಮಾತು ಮತ್ತೆ ಬೇಕಾಗುತ್ತದೆ.

ಇದೇ ಗಣಿತ ಇನ್ನೊಂದು ದಾರಿ ಹಿಡಿದು ಕಂಪ್ಯೂಟರಿಗೂ ಹೋಯಿತು. ಜಾನ್ ಹಾಪ್‌ಫೀಲ್ಡ್ ಘನವಸ್ತುಗಳ ಸೈದ್ಧಾಂತಿಕ ಭೌತವಿಜ್ಞಾನಿ. ಅವರು 1970ರ ದಶಕದಲ್ಲಿ ಜೀವವಿಜ್ಞಾನದತ್ತ ಹೊರಳಿ, ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವ ಬಗೆಯನ್ನೂ, ಜೀವಕೋಶವು ಪ್ರೋಟೀನು ಪೋಣಿಸುವಾಗ ತಪ್ಪುಗಳನ್ನು ಹೇಗೆ ತಿದ್ದಿಕೊಳ್ಳುತ್ತದೆ ಎಂಬುದನ್ನೂ ಅಧ್ಯಯನ ಮಾಡಿದ್ದರು. 1982ರಲ್ಲಿ ಅವರು ಕೇಳಿಕೊಂಡದ್ದು ನೆನಪಿನ ಪ್ರಶ್ನೆ: ಹಾಡಿನ ಮೊದಲ ಎರಡು ಪದ ಕಿವಿಗೆ ಬಿದ್ದರೆ ಇಡೀ ಸಾಲು ಹೇಗೆ ನೆನಪಾಗುತ್ತದೆ? ಅವರ ಉತ್ತರದಲ್ಲಿ ಪ್ರತಿ ನರಕೋಶವೂ ಮೇಲೆ ಅಥವಾ ಕೆಳಗೆ ನಿಂತ ಒಂದು ಪುಟ್ಟ ಕಾಂತ. ಕೋಶಗಳ ನಡುವಿನ ಸಂಪರ್ಕಗಳ ಬಲಾಬಲವೇ ಆ ನೆಲದ ಏರಿಳಿತ. ಸಂಪರ್ಕಗಳನ್ನು ಹೊಂದಿಸಿ, ನೆನಪಿಡಬೇಕಾದ ಪ್ರತಿಯೊಂದಕ್ಕೂ ಒಂದು ಕಣಿವೆ ಕೊರೆದಿಟ್ಟರೆ, ಅರೆಬರೆ ಸುಳಿವು ಎಂದರೆ ಆ ಕಣಿವೆಯ ಇಳಿಜಾರಿನಲ್ಲಿ ಬಿದ್ದ ಹನಿ. ಅದು ತಾನಾಗಿ ತಳಕ್ಕೆ, ಅಂದರೆ ಪೂರ್ತಿ ನೆನಪಿಗೆ ಇಳಿಯುತ್ತದೆ. ಇಂಥ ಜಾಲದಲ್ಲಿ ಎಷ್ಟು ನೆನಪು ಹಿಡಿಯುತ್ತದೆ ಎಂಬ ಪ್ರಶ್ನೆಗೆ 1985ರಲ್ಲಿ ಡೇನಿಯಲ್ ಅಮಿತ್, ಹಾನೊಕ್ ಗುಟ್‌ಫ್ರಾಯಿಂಡ್ ಮತ್ತು ಹೈಮ್ ಸೊಂಪೊಲಿನ್ಸ್ಕಿ ಸ್ಪಿನ್ ಗ್ಲಾಸಿನ ಗಣಿತದಿಂದಲೇ ಉತ್ತರ ಕಂಡರು. ಸಾವಿರ ಕೋಶಗಳಿದ್ದರೆ ಸುಮಾರು 140 ನೆನಪು. ಅದನ್ನು ಮೀರಿ ತುಂಬಿದರೆ ಕಣಿವೆಗಳು ಕಲಸಿಹೋಗಿ ಏನೂ ಸರಿಯಾಗಿ ನೆನಪಾಗದು. ಅದೇ ವರ್ಷ ಜೆಫ್ರಿ ಹಿಂಟನ್ ತಮ್ಮ ಜೊತೆಗಾರರಾದ ಡೇವಿಡ್ ಆಕ್ಲಿ ಮತ್ತು ಟೆರೆನ್ಸ್ ಸೆಜ್ನೋವ್ಸ್ಕಿ ಅವರೊಡನೆ 'ಬೋಲ್ಟ್ಸ್‌ಮನ್ ಯಂತ್ರ'ವನ್ನು ವಿವರಿಸಿದರು. ಅನಿಲದ ಕಣಗಳು ಯಾವ ಉಷ್ಣತೆಯಲ್ಲಿ ಯಾವ ಶಕ್ತಿಯ ಸ್ಥಿತಿಯಲ್ಲಿ ಎಷ್ಟು ಪಾಲು ಇರುತ್ತವೆ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಲುಡ್‌ವಿಗ್ ಬೋಲ್ಟ್ಸ್‌ಮನ್ ಕೊಟ್ಟ ಸೂತ್ರವನ್ನು ಕಲಿಯುವ ಯಂತ್ರಕ್ಕೆ ಹಾಕಿದ ಕೆಲಸ ಅದು. ನೀವು ತರಗತಿಯಲ್ಲಿ ಕಲಿಸಿದ ಅನಿಲಗಳ ಚಲನ ಸಿದ್ಧಾಂತದ ನೇರ ವಾರಸುದಾರ ಆ ಯಂತ್ರ. ಹಾಪ್‌ಫೀಲ್ಡ್ ಮತ್ತು ಹಿಂಟನ್ ಇಬ್ಬರಿಗೆ 2024ರ ಭೌತವಿಜ್ಞಾನದ ಪ್ರಶಸ್ತಿ ಕೊಟ್ಟದ್ದು ಸರಿಯಲ್ಲವೆಂದು ವಾದಿಸುವವರ ಆಕ್ಷೇಪ ನನಗೆ ಅರ್ಥವಾಗುತ್ತದೆ. ಇಂದಿನ ದೊಡ್ಡ ಭಾಷಾ ಯಂತ್ರಗಳು ಹಾಪ್‌ಫೀಲ್ಡ್ ಜಾಲದ ನೇರ ರೂಪಗಳಲ್ಲ. ಆದರೂ ಮೂಲ ಕಲ್ಪನೆ ಭೌತವಿಜ್ಞಾನದ್ದೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಎರಡನೆಯ ಪ್ರಶ್ನೆ, ಒಗಟು ಬಿಡಿಸಿಯಾಯಿತೇ ಎಂಬುದು. ನ್ಯೂಟನ್ನನ ನಿಯಮಗಳನ್ನು ಪ್ರತಿ ಪರಮಾಣುವಿಗೂ ಹಾಕಿ, ಹೆಜ್ಜೆ ಹೆಜ್ಜೆಯಾಗಿ ಮಡಿಕೆಯನ್ನು ಲೆಕ್ಕಹಾಕುವುದು ನೇರವಾದ ಹಾದಿ. ತೊಂದರೆ ಎಂದರೆ ಒಂದು ಹೆಜ್ಜೆ ಎರಡು ಫೆಮ್ಟೊಸೆಕೆಂಡಿಗಿಂತ ಹೆಚ್ಚಿರಬಾರದು (ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿ ಪಾಲುಗಳಲ್ಲಿ ಒಂದು). ಅಂದರೆ ಒಂದು ಮಿಲಿಸೆಕೆಂಡ್ ತಲುಪಲು 50,000 ಕೋಟಿ ಹೆಜ್ಜೆಗಳು ಬೇಕು. ನ್ಯೂಯಾರ್ಕಿನ ಡಿ.ಇ. ಶಾ ರಿಸರ್ಚ್ ಸಂಸ್ಥೆ ಇದಕ್ಕೆಂದೇ ಆಂಟನ್ ಎಂಬ ವಿಶೇಷ ಕಂಪ್ಯೂಟರ್ ಕಟ್ಟಿ 2010ರಲ್ಲಿ ಮಿಲಿಸೆಕೆಂಡಿನ ಗಡಿ ಮುಟ್ಟಿತು. ಅದ್ಭುತವಾದ ಸಾಧನೆ, ಆದರೆ ಪುಟ್ಟ ಪ್ರೋಟೀನುಗಳಿಗಷ್ಟೇ ಸಾಧ್ಯವಾಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ತರುಣರಲ್ಲಿ ಸೈದ್ಧಾಂತಿಕ ಭೌತವಿಜ್ಞಾನ ಓದಿ ಬಂದಿದ್ದ ಜಾನ್ ಜಂಪರ್ ಒಬ್ಬರು. ಮುಂದೆ ಗೂಗಲ್ ಒಡೆತನದ ಕೃತಕ ಬುದ್ಧಿಮತ್ತೆ ಸಂಸ್ಥೆ ಡೀಪ್‌ಮೈಂಡ್ ಸೇರಿ, ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ ಎಂಬ ಯಂತ್ರದ ತಂಡವನ್ನು ಮುನ್ನಡೆಸಿದವರು ಅವರೇ.

ಆಲ್ಫಾಫೋಲ್ಡ್ ಹಿಡಿದದ್ದು ಬೇರೆ ಹಾದಿ, ಅದಕ್ಕೆ ಎರಡು ಆಸ್ತಿಗಳು ನೆರವಾದವು. ಮೊದಲನೆಯದು ಪ್ರೋಟೀನ್ ಡೇಟಾ ಬ್ಯಾಂಕ್. 1971ರಲ್ಲಿ ಏಳೇ ಏಳು ರಚನೆಗಳಿಂದ ಶುರುವಾದ ಈ ಸಾರ್ವಜನಿಕ ಭಂಡಾರದಲ್ಲಿ, ಎಕ್ಸ್-ರೇಯಂಥ ವಿಧಾನಗಳಿಂದ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದುಡಿದು ಕಂಡುಹಿಡಿದ ರಚನೆಗಳು ಈಗ ಎರಡು ಲಕ್ಷಕ್ಕೂ ಮೀರಿವೆ. ಸ್ಫಟಿಕ ಬೆಳೆಸಲು ಒದ್ದಾಡಿದ ಎಷ್ಟೋ ವಿದ್ಯಾರ್ಥಿಗಳ ಬದುಕಿನ ವರ್ಷಗಳು ಅದರಲ್ಲಿವೆ, ಮತ್ತು ಅವರು ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಯಂತ್ರವನ್ನು ಹೊಗಳುವಾಗ ಇವರನ್ನು ಮರೆಯುವುದು ನನಗೆ ನೋವಿನ ಸಂಗತಿ.

ಎರಡನೆಯ ಆಸ್ತಿ ವಿಕಾಸದ ದಾಖಲೆ. ಒಂದೇ ಪ್ರೋಟೀನು ಮನುಷ್ಯನಲ್ಲಿ, ಕೋಳಿಯಲ್ಲಿ, ಮೀನಿನಲ್ಲಿ, ಬ್ಯಾಕ್ಟೀರಿಯಾದಲ್ಲಿ ಸ್ವಲ್ಪ ಸ್ವಲ್ಪ ಬದಲಾಗಿರುತ್ತದೆ. ಮಡಚಿದಾಗ ಒಂದಕ್ಕೊಂದು ತಾಗುವ ಎರಡು ಮಣಿಗಳಲ್ಲಿ ಒಂದು ದಪ್ಪಗಾದರೆ ಇನ್ನೊಂದು ಸಣ್ಣಗಾಗಿ ಜಾಗ ಬಿಡಬೇಕು. ಆದ್ದರಿಂದ ಸಾವಿರಾರು ಜೀವಿಗಳ ಸರಗಳನ್ನು ಸಾಲಾಗಿ ಇಟ್ಟು ನೋಡಿದಾಗ ಯಾವ ಎರಡು ಜಾಗಗಳು ಜೊತೆಜೊತೆಯಾಗಿ ಬದಲಾಗುತ್ತವೆಯೋ ಅವು ಪಕ್ಕಪಕ್ಕದಲ್ಲಿ ಇರಬಹುದು. ಆದರೆ ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ತಾಗಿದ್ದರೆ ಮೊದಲನೆಯದೂ ಮೂರನೆಯದೂ ತಾಗಿದಂತೆ ತೋರುತ್ತದೆ. ನೇರ ನಂಟನ್ನು ಬಳಸು ನಂಟಿನಿಂದ ಬೇರ್ಪಡಿಸಲು 2009ರಲ್ಲಿ ಮಾರ್ಟಿನ್ ವೈಗ್ಟ್ ಮತ್ತು ಸಂಗಡಿಗರು ಬಳಸಿದ್ದು ಮತ್ತೆ ಅದೇ ಕಾಂತಗಳ ಗಣಿತವನ್ನು, ತಿರುಗುಮುರುಗಾಗಿ. ಸಂಪರ್ಕಗಳನ್ನು ಕೊಟ್ಟು ಕಾಂತಗಳ ನಿಲುವು ಕಂಡುಹಿಡಿಯುವ ಬದಲು, ನಿಲುವುಗಳನ್ನು ನೋಡಿ ಸಂಪರ್ಕಗಳನ್ನು ಊಹಿಸುವುದು. ಆಲ್ಫಾಫೋಲ್ಡ್ ಈ ಒಳನೋಟವನ್ನು ನರಜಾಲದೊಳಗೆ ಇಳಿಸಿಕೊಂಡು ಬೆಳೆಸಿತು.

ಪ್ರೋಟೀನ್ ಆಕಾರ ಊಹಿಸುವವರಿಗಾಗಿ 1994ರಿಂದ ಎರಡು ವರ್ಷಕ್ಕೊಮ್ಮೆ ಕಾಸ್ಪ್ ಎಂಬ ಪರೀಕ್ಷೆ ನಡೆಯುತ್ತದೆ. ಪ್ರಯೋಗದಿಂದ ಆಕಾರ ತಿಳಿದಿದ್ದರೂ ಇನ್ನೂ ಪ್ರಕಟವಾಗದ ಪ್ರೋಟೀನುಗಳೇ ಅದರ ಪ್ರಶ್ನೆಪತ್ರಿಕೆ. 2020ರ ಪರೀಕ್ಷೆಯಲ್ಲಿ ಆಲ್ಫಾಫೋಲ್ಡ್‌ನ ಎರಡನೆಯ ಆವೃತ್ತಿಯ ಮಧ್ಯಮ ಅಂಕ 100ಕ್ಕೆ 92.4. ತೊಂಬತ್ತರ ಆಸುಪಾಸು ಎಂದರೆ ಪ್ರಯೋಗದ ಫಲಿತಾಂಶಕ್ಕೆ ಸಮ ಎಂದು ಲೆಕ್ಕ. 2022ರ ಜುಲೈ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹಿತ ಆಕಾರಗಳು ಯಾರು ಬೇಕಾದರೂ ನೋಡುವಂತೆ ಅಂತರ್ಜಾಲದಲ್ಲಿದ್ದವು. ಡೀಪ್‌ಮೈಂಡ್‌ನ ಮುಖ್ಯಸ್ಥ ಡೆಮಿಸ್ ಹಸಾಬಿಸ್ ಮತ್ತು ಜಂಪರ್ ಅವರಿಗೆ ರಸಾಯನವಿಜ್ಞಾನದ ನೊಬೆಲ್ ಬಂದದ್ದು ಇದಕ್ಕೆ.

ಈ ಸಾಧನೆಯ ಅಂಚು ಎಲ್ಲಿದೆ ಎಂಬುದನ್ನು ಅದರ ತಂಡವೇ ಮುಚ್ಚುಮರೆಯಿಲ್ಲದೆ ತೋರಿಸಿದೆ. ಆಲ್ಫಾಫೋಲ್ಡ್ ಪ್ರತಿ ಮಣಿಯ ಜಾಗಕ್ಕೂ ತನ್ನ ಭರವಸೆ ಎಷ್ಟೆಂದು ಅಂಕ ಕೊಡುತ್ತದೆ; ಕಡುನೀಲಿ ಎಂದರೆ ಹೆಚ್ಚು ಭರವಸೆ, ಕಿತ್ತಳೆ ಎಂದರೆ ನಂಬಬೇಡಿ ಎಂದರ್ಥ. 2021ರಲ್ಲಿ ಮನುಷ್ಯನ ಪ್ರೋಟೀನುಗಳನ್ನೆಲ್ಲ ಊಹಿಸಿದಾಗ ಒಟ್ಟು ಮಣಿಗಳಲ್ಲಿ ಶೇ. 58ಕ್ಕೆ ಭರವಸೆಯ ಉತ್ತರ ಸಿಕ್ಕಿತು. ಅದಕ್ಕೂ ಮೊದಲು ಪ್ರಯೋಗಗಳಿಂದ ತಿಳಿದಿದ್ದು ಶೇ. 17 ಮಾತ್ರ. ದೊಡ್ಡ ನೆಗೆತವೇ ಸರಿ. ಉಳಿದ ಭಾಗದಲ್ಲಿ ಬಹಳಷ್ಟು ಕಿತ್ತಳೆ. ಅದರಲ್ಲಿ ಎಷ್ಟೋ ಕಡೆ ಯಂತ್ರ ಸೋತಿಲ್ಲ. ಆ ತುಂಡುಗಳಿಗೆ ಸ್ಥಿರ ಆಕಾರವೇ ಇಲ್ಲ, ಅವು ನೀರಿನಲ್ಲಿ ಬಿಟ್ಟ ದಾರದಂತೆ ಸದಾ ಅಲುಗುತ್ತಿರುತ್ತವೆ. ಇನ್ನು ಮಡಿಕೆಯ ದಾರಿಯನ್ನು ಈ ಯಂತ್ರ ಹೇಳುವುದೇ ಇಲ್ಲ. ಹೊಳೆ ಎಲ್ಲಿ ಸಮುದ್ರ ಸೇರುತ್ತದೆ ಎಂಬುದನ್ನು ಅದು ನಿಖರವಾಗಿ ಬಲ್ಲದು, ಹರಿವನ್ನು ಬಲ್ಲದು ಎನ್ನಲಾಗದು.

ಅದೇ ಪ್ರಶಸ್ತಿಯಲ್ಲಿ ಅಮೆರಿಕದ ಡೇವಿಡ್ ಬೇಕರ್ ಅವರ ಪಾಲು ಇದರ ಮಗ್ಗುಲು ಬದಲಿಸಿದ ಪ್ರಶ್ನೆಗೆ: ಬೇಕಾದ ಆಕಾರ ಹೇಳಿದರೆ ಅದಕ್ಕೆ ತಕ್ಕ ಸರ ಪೋಣಿಸಬಹುದೇ? 2003ರಿಂದ ಅವರು ಪ್ರಕೃತಿಯಲ್ಲಿಲ್ಲದ ಪ್ರೋಟೀನುಗಳನ್ನು ಕಟ್ಟುತ್ತಿದ್ದಾರೆ. ಇತ್ತೀಚೆಗೆ ಅವರ ಪ್ರಯೋಗಶಾಲೆ ಬಳಸುವ ವಿಧಾನವೂ ಭೌತವಿಜ್ಞಾನದ ಮನೆಯದೇ. ಹಾಲಿಗೆ ಬಿದ್ದ ಡಿಕಾಕ್ಷನ್ ಹನಿ ಹರಡಿ ಏಕವಾಗುವುದನ್ನು ನಾವು ದಿನಾ ನೋಡುತ್ತೇವೆ. ಹರಡುವಿಕೆಯ ಪ್ರತಿಯೊಂದು ಪುಟ್ಟ ಹೆಜ್ಜೆಯನ್ನೂ ಹಿಂದಕ್ಕೆ ಇಡಲು ಯಂತ್ರಕ್ಕೆ ಕಲಿಸಿದರೆ, ಕಲಸಿದ ಸ್ಥಿತಿಯಿಂದ ಹನಿಯನ್ನು ಮತ್ತೆ ರೂಪಿಸಬಹುದು ಎಂದು 2015ರಲ್ಲಿ ಜಾಶಾ ಸೋಲ್-ಡಿಕ್‌ಸ್ಟೈನ್ ಮತ್ತು ಸಂಗಡಿಗರು ತೋರಿಸಿದರು. ಇಂದು ಚಿತ್ರ ಬರೆಯುವ ಯಂತ್ರಗಳು ನಡೆಯುವುದು ಇದೇ ತತ್ತ್ವದಿಂದ. 2023ರಲ್ಲಿ ಬೇಕರ್ ತಂಡ ಅದನ್ನು ಪ್ರೋಟೀನ್ ವಿನ್ಯಾಸಕ್ಕೆ ಒಗ್ಗಿಸಿತು.

ಅದರ ಫಲಗಳಲ್ಲಿ ನಮಗೆ ತೀರ ಹತ್ತಿರವಾದದ್ದು ಹಾವಿನ ವಿಷದ ಕೆಲಸ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ ಎಂಬ ಅಂದಾಜಿದೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಈಗಿನ ಪ್ರತಿವಿಷವನ್ನು ಕುದುರೆಗಳಿಗೆ ವಿಷ ಚುಚ್ಚಿ, ಅವುಗಳ ರಕ್ತದಿಂದ ತೆಗೆಯುತ್ತಾರೆ. ಜೀವ ಉಳಿಸುವ ಮದ್ದು ಅದೇ, ಆದರೂ ಕೆಲವರಲ್ಲಿ ತೀವ್ರ ಅಲರ್ಜಿ ತರುತ್ತದೆ. ನಾಗರ ಮತ್ತು ಕಟ್ಟುಹಾವಿನ ಕುಲದ ವಿಷದಲ್ಲಿ ಮೂರು ಬೆರಳು ಚಾಚಿದಂತೆ ಕಾಣುವ ಪುಟ್ಟ ನಂಜಿನ ಪ್ರೋಟೀನುಗಳಿವೆ. ಅವು ನರ ಮತ್ತು ಸ್ನಾಯು ಕೂಡುವ ಜಾಗವನ್ನು ಮುಚ್ಚಿ ಉಸಿರು ನಿಲ್ಲಿಸುತ್ತವೆ. ಆ ಬೆರಳುಗಳನ್ನೇ ಹಿಡಿದು ಕಟ್ಟಿಹಾಕುವ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ರೂಪಿಸಿ, ಇಲಿಗಳಲ್ಲಿ ಪರೀಕ್ಷಿಸಿದ ಫಲಿತಾಂಶವನ್ನು ಬೇಕರ್ ತಂಡವೂ ಡೆನ್ಮಾರ್ಕಿನ ಸಂಶೋಧಕರೂ ಸೇರಿ 2025ರ ಜನವರಿಯಲ್ಲಿ ಪ್ರಕಟಿಸಿದರು. ಮಾರಕ ಪ್ರಮಾಣದ ನಂಜು ಪಡೆದ ಇಲಿಗಳಲ್ಲಿ ಹೆಚ್ಚಿನವು ಬದುಕಿದವು. ಇದೇ ಕುಟುಂಬದ ನಂಜಿನ ವಿರುದ್ಧ, ಬೇರೊಂದು ವಿಧಾನದಿಂದ ಪ್ರಯೋಗಶಾಲೆಯಲ್ಲಿ ಮಾನವ ಪ್ರತಿಕಾಯವೊಂದನ್ನು ಕಂಡುಹಿಡಿದವರಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಇದ್ದಾರೆ. ಅದು ಪ್ರಕಟವಾದದ್ದು 2024ರಲ್ಲಿ. ಎರಡೂ ಇನ್ನೂ ಆಸ್ಪತ್ರೆಗೆ ಬಂದಿಲ್ಲ. ನಮ್ಮಲ್ಲಿ ಅತಿ ಹೆಚ್ಚು ಜೀವ ತೆಗೆಯುವ ಕೊಳಕುಮಂಡಲದ ವಿಷ ಮುಖ್ಯವಾಗಿ ರಕ್ತ ಹೆಪ್ಪುಗಟ್ಟುವಿಕೆಯನ್ನು ಕೆಡಿಸುವಂಥದು, ಅದಕ್ಕೆ ಈ ಪ್ರೋಟೀನುಗಳು ಒದಗುವುದಿಲ್ಲ ಎಂಬುದನ್ನೂ ಹೇಳಬೇಕು. ಹಾವು ಕಚ್ಚಿದರೆ ಇಂದಿಗೂ ಮಾಡಬೇಕಾದದ್ದು ತಡಮಾಡದೆ ಪ್ರತಿವಿಷವಿರುವ ಆಸ್ಪತ್ರೆಗೆ ಹೋಗುವುದೊಂದೇ. ವಿನ್ಯಾಸ ಮಾಡಿದ ಪ್ರೋಟೀನು ಜನರನ್ನು ಮುಟ್ಟಿದ ಉದಾಹರಣೆಯೂ ಇದೆ: ಬೇಕರ್ ಅವರ ಸಂಸ್ಥೆಯಲ್ಲಿ ರೂಪಿಸಿದ ನ್ಯಾನೊಕಣವನ್ನು ಬಳಸಿದ ಕೋವಿಡ್ ಲಸಿಕೆಗೆ 2022ರ ಜೂನ್‌ನಲ್ಲಿ ದಕ್ಷಿಣ ಕೊರಿಯಾ ಅನುಮತಿ ನೀಡಿತು.

ಈಗ ನಿಮ್ಮ ತಮ್ಮನವರ ಮಾತು. ಪಾರ್ಕಿನ್ಸನ್‌ನಲ್ಲಿ, ದೇಹದ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಮಿದುಳಿನ ಕೋಶಗಳು ಸಾಯುತ್ತವೆ. ಆ ಕೋಶಗಳೊಳಗೆ ಕಾಣುವ ಗಂಟುಗಳಲ್ಲಿ ಆಲ್ಫಾ-ಸೈನ್ಯೂಕ್ಲಿಯಿನ್ ಎಂಬ 140 ಮಣಿಗಳ ಪ್ರೋಟೀನು ತುಂಬಿರುತ್ತದೆ ಎಂದು 1997ರಲ್ಲಿ ತಿಳಿಯಿತು. ಈ ಪ್ರೋಟೀನು ಮೇಲೆ ಹೇಳಿದ ಅಲುಗುವ ದಾರದ ಜಾತಿಗೆ ಸೇರಿದ್ದು. ಜೀವಕೋಶದ ದ್ರವದಲ್ಲಿ ಅದಕ್ಕೆ ನೆಚ್ಚಬಹುದಾದ ಆಕಾರವಿಲ್ಲ. ಶಕ್ತಿಯ ನೆಲದಲ್ಲಿ ಅದಕ್ಕೆ ಒಂದು ಲಾಳಿಕೆಯಿಲ್ಲ, ಮಟ್ಟಸವಾದ ಬಯಲಿದೆ. ಹಾಗಾಗಿ ಔಷಧದ ಅಣುವನ್ನು ಕೀಲಿಯಂತೆ ಕೂರಿಸಲು ಬೀಗದ ಕಂಡಿಯೇ ಸಿಗುವುದಿಲ್ಲ. ಆಲ್ಫಾಫೋಲ್ಡ್‌ನ ಶಕ್ತಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದಲೇ ಈ ಕಾಯಿಲೆಯ ಸಮಸ್ಯೆ ಶುರುವಾಗುತ್ತದೆ.

ಅದೇ ಬಯಲಿನ ಅಂಚಿನಲ್ಲಿ ಒಂದು ಆಳವಾದ ಕಂದಕವೂ ಇದೆ. ಈ ಪ್ರೋಟೀನಿನ ಹಲವು ಪ್ರತಿಗಳು ಒಂದರ ಮೇಲೊಂದು ಚಪ್ಪಟೆಯಾಗಿ ಜೋಡಿಸಿಕೊಂಡು ನಾರುಗಳಾದರೆ ಆ ಕಂದಕಕ್ಕೆ ಬಿದ್ದಂತೆ, ಮತ್ತೆ ಮೇಲೇಳುವುದು ಬಹಳ ಕಷ್ಟ. ಒಮ್ಮೆ ನಾರಿನ ಒಂದು ತುಣುಕು ಹುಟ್ಟಿತೆಂದರೆ ಅದು ಪಕ್ಕದ ಪ್ರತಿಗಳನ್ನೂ ತನ್ನ ರೂಪಕ್ಕೆ ಎಳೆಯುತ್ತದೆ, ಹಾಲಿಗೆ ಹಾಕಿದ ಒಂದು ಚಮಚ ಹೆಪ್ಪು ಇಡೀ ಪಾತ್ರೆಯನ್ನು ಮೊಸರು ಮಾಡಿದ ಹಾಗೆ. ವ್ಯತ್ಯಾಸವೆಂದರೆ ಮೊಸರಿನಲ್ಲಿ ಬೆಳೆಯುವುದು ಜೀವಿ, ಇಲ್ಲಿ ಜೀವಿಯೇ ಇಲ್ಲ; ಆಕಾರವೇ ಆಕಾರವನ್ನು ಹುಟ್ಟಿಸುತ್ತದೆ. ರೋಗಿಗಳ ಮಿದುಳಿನಿಂದ ತೆಗೆದ ಆ ನಾರಿನ ಮಡಿಕೆ ಪರಮಾಣುಗಳ ಮಟ್ಟದಲ್ಲಿ ಹೇಗಿದೆ ಎಂಬುದನ್ನು ಕೇಂಬ್ರಿಜ್‌ನ ಪ್ರಯೋಗಶಾಲೆಯೊಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿ 2022ರಲ್ಲಿ ಪ್ರಕಟಿಸಿತು. ಅಂದರೆ ಬೀಗದ ಚಿತ್ರ ನಮ್ಮ ಕೈಗೆ ಬಂದು ಬಹಳ ವರ್ಷಗಳೇನೂ ಆಗಿಲ್ಲ. 2024ರಲ್ಲಿ ಕೇಂಬ್ರಿಜ್‌ನದೇ ಇನ್ನೊಂದು ತಂಡ, ಈ ಹೆಪ್ಪಿನ ಹರಡುವಿಕೆಯನ್ನು ತಡೆಯಬಲ್ಲ ಅಣುಗಳನ್ನು ಯಂತ್ರಕಲಿಕೆಯ ನೆರವಿನಿಂದ ಹುಡುಕಿತು. ಅವು ಪರೀಕ್ಷಾ ನಳಿಕೆಯಲ್ಲಿ ಕೆಲಸ ಮಾಡಿದ ಅಣುಗಳು.

ನಳಿಕೆಯಿಂದ ರೋಗಿಯವರೆಗಿನ ದೂರವನ್ನು ಯಾವ ಕಂಪ್ಯೂಟರೂ ಇನ್ನೂ ಚಿಕ್ಕದು ಮಾಡಿಲ್ಲ. ಅಣು ಹೊಟ್ಟೆಯ ಆಮ್ಲವನ್ನೂ ಯಕೃತ್ತನ್ನೂ ದಾಟಬೇಕು, ರಕ್ತದಿಂದ ಮಿದುಳಿಗೆ ಹೋಗದಂತೆ ತಡೆಯುವ ಗೋಡೆಯನ್ನು ದಾಟಬೇಕು, ಬೇರೆ ಪ್ರೋಟೀನುಗಳಿಗೆ ಅಂಟಿ ಹಾನಿ ಮಾಡಬಾರದು, ಮತ್ತು ಕಾಯಿಲೆ ನಿಧಾನವಾಗಿ ಬೆಳೆಯುವುದರಿಂದ ಫಲ ಕಾಣಲು ವರ್ಷಗಳು ಕಾಯಬೇಕು. ಯಾವುದೇ ರೋಗವಿರಲಿ, ಮನುಷ್ಯರ ಮೇಲಿನ ಪರೀಕ್ಷೆಯ ಹಂತ ತಲುಪಿದ ಹತ್ತು ಔಷಧಗಳಲ್ಲಿ ಸುಮಾರು ಒಂಬತ್ತು ಅಲ್ಲೇ ಉಳಿದುಬಿಡುತ್ತವೆ. ಆಲ್ಫಾ-ಸೈನ್ಯೂಕ್ಲಿಯಿನ್ ಅನ್ನು ಹಿಡಿಯುವ ಎರಡು ಪ್ರತಿಕಾಯಗಳ ದೊಡ್ಡ ಪರೀಕ್ಷೆಗಳು 2022ರಲ್ಲಿ ಪ್ರಕಟವಾದಾಗ ಎರಡೂ ತಮ್ಮ ಮುಖ್ಯ ಗುರಿ ಮುಟ್ಟಿರಲಿಲ್ಲ. ಅವುಗಳಲ್ಲಿ ಒಂದರ ಅಧ್ಯಯನ ಮುಂದುವರಿದಿದೆ. ಹೆಪ್ಪುಗಟ್ಟಿದ ಪ್ರೋಟೀನು ರೋಗದ ಮೂಲವೇ, ಅಥವಾ ಇನ್ನೂ ಹಿಂದಿನ ಯಾವುದೋ ತೊಂದರೆಯ ಗುರುತೇ ಎಂಬ ಚರ್ಚೆಯೂ ಮುಗಿದಿಲ್ಲ.

ಆದ್ದರಿಂದ ಇಂದು ನಿಮ್ಮ ತಮ್ಮನವರಿಗೆ ನೆರವಾಗುವುದು ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪ ಎಂಬ ಔಷಧ ಮತ್ತು ಅದರ ಜೊತೆಗಿನ ಮಾತ್ರೆಗಳು, ಹೊತ್ತಿಗೆ ಸರಿಯಾಗಿ. ಮತ್ತು ದಿನವೂ ನಡಿಗೆ, ವ್ಯಾಯಾಮ. ನಮ್ಮ ಕಡೆಯ ನಸುಗುನ್ನಿ ಬೀಜದಲ್ಲಿ ಲೆವೊಡೋಪ ಇರುವುದು ನಿಜ, 1937ರಲ್ಲಿಯೇ ಅದನ್ನು ಬೇರ್ಪಡಿಸಿದ್ದರು. ಆದರೆ ಬೀಜದಿಂದ ಬೀಜಕ್ಕೆ ಅದರ ಪ್ರಮಾಣ ಬದಲಾಗುವುದರಿಂದ ವೈದ್ಯರನ್ನು ಕೇಳದೆ ಮಾತ್ರೆಯ ಬದಲಿಗೆ ಅದನ್ನು ಕೊಡುವುದು ಅಪಾಯ. ಕೃತಕ ಬುದ್ಧಿಮತ್ತೆ ಕಂಡುಹಿಡಿದ ಪಾರ್ಕಿನ್ಸನ್ ಮದ್ದು ಎಂದು ಯಾರಾದರೂ ಏನನ್ನಾದರೂ ಮಾರಲು ಬಂದರೆ, ದಯವಿಟ್ಟು ಕೊಳ್ಳಬೇಡಿ.

ನನಗೆ ನಿಜವಾದ ಭರವಸೆ ಕಾಣುತ್ತಿರುವುದು ಮದ್ದಿಗಿಂತ ಮೊದಲಿನ ಒಂದು ಹೆಜ್ಜೆಯಲ್ಲಿ. ಬೆನ್ನುಹುರಿಯ ದ್ರವದ ಕೆಲವು ಹನಿಗಳನ್ನು, ಪ್ರಯೋಗಶಾಲೆಯಲ್ಲಿ ತಯಾರಿಸಿದ ಶುದ್ಧ ಆಲ್ಫಾ-ಸೈನ್ಯೂಕ್ಲಿಯಿನ್‌ಗೆ ಬೆರೆಸಿ, ಅದು ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ದ್ರವದಲ್ಲಿ ರೋಗದ ಹೆಪ್ಪು ಅತ್ಯಲ್ಪ ಇದ್ದರೂ ಪಾತ್ರೆಯೆಲ್ಲ ನಾರಾಗಿ ತೋರಿಸಿಕೊಡುತ್ತದೆ. 1,123 ಜನರನ್ನು ಒಳಗೊಂಡು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಾರ್ಕಿನ್ಸನ್ ಇದ್ದವರಲ್ಲಿ ಸುಮಾರು ಶೇ. 88 ಮಂದಿಗೆ ಅದು ಸರಿಯಾಗಿ ಗುರುತು ಹಿಡಿಯಿತು. ಕೈ ನಡುಗುವ ಹೊತ್ತಿಗೆ ಡೋಪಮಿನ್ ಕೋಶಗಳಲ್ಲಿ ದೊಡ್ಡದೊಂದು ಪಾಲು ಈಗಾಗಲೇ ಹೋಗಿರುತ್ತದೆ; ಅಲ್ಲಿಯವರೆಗೆ ಕಾಯದೆ ಕಾಯಿಲೆಯ ಮೊದಲ ಹಂತದವರನ್ನು ಗುರುತಿಸಿ ಅವರ ಮೇಲೆ ಹೊಸ ಅಣುಗಳನ್ನು ಪರೀಕ್ಷಿಸಲು ಇದರಿಂದ ದಾರಿಯಾಗಿದೆ. ಸದ್ಯಕ್ಕೆ ಇದು ಹೆಚ್ಚಾಗಿ ಸಂಶೋಧನೆಯಲ್ಲಿ ಬಳಕೆಯಲ್ಲಿದೆ; ಈಗಾಗಲೇ ರೋಗನಿರ್ಣಯವಾಗಿರುವ ನಿಮ್ಮ ತಮ್ಮನವರ ಚಿಕಿತ್ಸೆಯನ್ನು ಇದು ಬದಲಿಸುವುದಿಲ್ಲ. ಆದರೆ ಅವರಿಗೆ ಇಷ್ಟವಿದ್ದರೆ, ಈ ಬಗೆಯ ಅಧ್ಯಯನಗಳಲ್ಲಿ ಸ್ವಯಂಸೇವಕರಾಗಲು ಅವಕಾಶವಿದೆಯೇ ಎಂದು ತಮ್ಮ ನರರೋಗ ತಜ್ಞರನ್ನು ಮುಂದಿನ ಭೇಟಿಯಲ್ಲಿ ಕೇಳಬಹುದು.